ನೆತ್ತರಿನ ಲೆಕ್ಕವೂ ಪಾಠಶಾಲೆಯ ಲೆಕ್ಕವೂ

ಒಂದೇ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬನು ಬೇಗ ಕಲಿಯುತ್ತಾನೆ, ಇನ್ನೊಬ್ಬನು ನಿಧಾನವಾಗಿ ಕಲಿಯುತ್ತಾನೆ. ಇದು ಪಾಠ ಹೇಳುವವರೆಲ್ಲರೂ ದಿನಬೆಳಗಾದರೆ ಕಾಣುವ ಸಂಗತಿ. ಆದರೆ ಇದಕ್ಕೆ ಕಾರಣವೇನೆಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಮನೆಯ ಸ್ಥಿತಿ, ಹೊಟ್ಟೆಯ ಊಟ, ದೇಹದ ಆರೋಗ್ಯ, ಮನೆಮಾತು, ಶಾಲೆಯ ದೂರ, ಉಪಾಧ್ಯಾಯರ ಸಾಮರ್ಥ್ಯ, ಮಗುವಿನ ಸ್ವಂತ ಸ್ವಭಾವ ಇವೆಲ್ಲವೂ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಈ ಹೆಣಿಗೆಯನ್ನು ಬಿಡಿಸಿ ನೋಡುವ ತಾಳ್ಮೆಯಿಲ್ಲದವರಿಗೆ ಒಂದು ಅಡ್ಡದಾರಿಯುಂಟು: “ವಿದ್ಯೆ ಅವರ ರಕ್ತದಲ್ಲಿಯೇ ಇಲ್ಲ” ಎಂದುಬಿಡುವುದು. ಈ ಮಾತು ಶಾಲೆಯ ಜಗಲಿಯ ಮೇಲೆ ಹುಟ್ಟಿದರೆ ಹತ್ತಾರು ಮಕ್ಕಳಿಗೆ ಕೇಡು. ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಅಂಕಿಸಂಖ್ಯೆಗಳ ಉಡುಪು ತೊಟ್ಟು ಹೊರಟರೆ ಲಕ್ಷಾಂತರ ಜನರಿಗೆ ಕೇಡು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಒಂದನೆಯ ಮಹಾಯುದ್ಧದ ಕಾಲದಲ್ಲಿ ಹಾಗೆ ಹೊರಟ ಒಂದು ಮಾತಿನ ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ಬುದ್ಧಿಯನ್ನು ಅಳೆಯುವ ಕೋಲು ಹೇಗೆ ಹುಟ್ಟಿತೆಂಬುದನ್ನು ಮೊದಲು ನೋಡಬೇಕು.

ಆ ಕೋಲು ಹುಟ್ಟಿದ್ದು ಫ್ರಾನ್ಸಿನಲ್ಲಿ. ಅದೂ ಒಳ್ಳೆಯ ಉದ್ದೇಶದಿಂದಲೇ. ಸಾಮಾನ್ಯ ತರಗತಿಗಳಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಏನು ವ್ಯವಸ್ಥೆ ಮಾಡಬೇಕೆಂದು ವಿಚಾರಿಸಲು ಅಲ್ಲಿನ ಸರ್ಕಾರ 1904ರಲ್ಲಿ ಒಂದು ಮಂಡಲಿಯನ್ನು ನೇಮಿಸಿತು. ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನಿಗೆ ಈ ಕೆಲಸ ಬಂತು. ಬಿನೆ ಅದಕ್ಕೆ ಮೊದಲು ಆ ಕಾಲದ ರೂಢಿಯಂತೆ ಮಕ್ಕಳ ತಲೆಗಳನ್ನೂ ಅಳೆದು ನೋಡಿದ್ದ. ಜಾಣರ ತಲೆಗೂ ದಡ್ಡರ ತಲೆಗೂ ಇರುವ ಅಂತರ ಹೇಳಿಕೊಳ್ಳುವಷ್ಟಿಲ್ಲವೆಂಬುದು ಅವನಿಗೆ ಗೊತ್ತಾಯಿತು. ಅಳೆಯುವವನ ಮನಸ್ಸಿನಲ್ಲಿರುವ ನಿರೀಕ್ಷೆಯೇ ಅಳತೆಯೊಳಗೆ ನುಸುಳಿಬಿಡುತ್ತದೆಂಬ ಶಂಕೆಯೂ ಹುಟ್ಟಿತು. ಆದ್ದರಿಂದ ಆ ಮಾರ್ಗವನ್ನು ಕೈಬಿಟ್ಟು, ತೇಯೊಡೋರ್ ಸಿಮೊನ್ ಎಂಬವನ ಸಹಾಯದಿಂದ 1905ರಲ್ಲಿ ಮೂವತ್ತು ಸಣ್ಣ ಪರೀಕ್ಷೆಗಳ ಒಂದು ಸರಣಿಯನ್ನು ಪ್ರಕಟಿಸಿದ. ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂಬುದನ್ನು ಕಂಡುಹಿಡಿಯುವುದಷ್ಟೇ ಅದರ ಗುರಿಯಾಗಿತ್ತು. ಬುದ್ಧಿಯೆಂಬುದು ಹೆಚ್ಚಿಸಲಾಗದ ಗಂಟೆಂದು ಹೇಳುವವರನ್ನು ಬಿನೆ 1909ರ ತನ್ನ ಪುಸ್ತಕದಲ್ಲಿ ಬಲವಾಗಿ ಖಂಡಿಸಿದ. ದೇಹಕ್ಕೆ ವ್ಯಾಯಾಮವಿರುವಂತೆ ಮನಸ್ಸಿಗೂ ವ್ಯಾಯಾಮವುಂಟೆಂದು ವಾದಿಸಿದ. 1911ರಲ್ಲಿ ಅವನು ತೀರಿಕೊಂಡ. ಅಷ್ಟು ಹೊತ್ತಿಗೆ ಅವನ ಕೋಲು ಸಮುದ್ರ ದಾಟಿಯಾಗಿತ್ತು. ಅವನ ಎಚ್ಚರಿಕೆಯ ಮಾತುಗಳು ಮಾತ್ರ ಹಡಗು ಹತ್ತಲಿಲ್ಲ.

ಅಮೆರಿಕಾದಲ್ಲಿ ಈ ಪರೀಕ್ಷೆಯನ್ನು ಮೊದಲು ಬಳಕೆಗೆ ತಂದವನು ಹೆನ್ರಿ ಗೊಡಾರ್ಡ್. ಅವನು ನ್ಯೂಜರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಮಂದಬುದ್ಧಿಯವರ ಶಾಲೆಯೊಂದರಲ್ಲಿ ಸಂಶೋಧಕನಾಗಿದ್ದ. ನ್ಯೂಯಾರ್ಕಿನ ಬಂದರಿನಲ್ಲಿ ಹಡಗಿನಿಂದ ಆಗ ತಾನೇ ಇಳಿದ ವಲಸೆಗಾರರನ್ನು, ದುಭಾಷಿಯ ಮೂಲಕ, ಈ ಪ್ರಶ್ನೆಗಳಿಂದ ಪರೀಕ್ಷಿಸಿದ. ತಾನು ಆರಿಸಿಕೊಂಡ ಗುಂಪುಗಳಲ್ಲಿ ಯೆಹೂದ್ಯರು, ಹಂಗೇರಿಯವರು, ಇಟಲಿಯವರು, ರಷ್ಯದವರು, ಯಾರನ್ನೇ ತೆಗೆದುಕೊಂಡರೂ ನೂರಕ್ಕೆ ಎಪ್ಪತ್ತೊಂಬತ್ತಕ್ಕೆ ಕಡಿಮೆಯಿಲ್ಲದಂತೆ ಮಂದಬುದ್ಧಿಯವರೆಂದು 1917ರಲ್ಲಿ ಪ್ರಕಟಿಸಿದ! ಹದಿನೈದು ದಿನ ಸಮುದ್ರದ ಮೇಲೆ ತೂಗಾಡಿ ಬಂದವನನ್ನು, ಹಿಂದೆಂದೂ ಪೆನ್ಸಿಲು ಹಿಡಿಯದವನನ್ನು, ಪರದೇಶದ ಅಧಿಕಾರಿಯ ಎದುರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವನು ಏನು ಉತ್ತರ ಕೊಟ್ಟಾನು? ಕ್ಯಾಲಿಫೋರ್ನಿಯದ ಲೂಯಿಸ್ ಟರ್ಮನ್ ಎಂಬ ಇನ್ನೊಬ್ಬ ಪ್ರಾಧ್ಯಾಪಕ 1916ರಲ್ಲಿ ಬಿನೆಯ ಸರಣಿಯನ್ನು ಪರಿಷ್ಕರಿಸಿದ. ವಯಸ್ಸಿಗೂ ‘ಮಾನಸಿಕ ವಯಸ್ಸಿ’ಗೂ ಇರುವ ಪ್ರಮಾಣವನ್ನು ನೂರರಿಂದ ಗುಣಿಸಿ ‘ಬುದ್ಧಿಸೂಚ್ಯಂಕ’ವೆಂಬ ಒಂದೇ ಸಂಖ್ಯೆಯನ್ನು ಲೋಕಕ್ಕೆ ಪರಿಚಯಿಸಿದವನು ಅವನೇ. ಮೆಕ್ಸಿಕೋ ಮೂಲದ ಮಕ್ಕಳಲ್ಲಿಯೂ ಆಫ್ರಿಕಾ ಮೂಲದ ಮಕ್ಕಳಲ್ಲಿಯೂ ಕಾಣುವ ಹಿಂದುಳಿಕೆ ಜನಾಂಗದಿಂದಲೇ ಬಂದುದಿರಬೇಕು, ಅವರನ್ನು ಬೇರೆ ತರಗತಿಗಳಲ್ಲಿ ಕೂರಿಸುವುದು ಒಳ್ಳೆಯದು ಎಂದು ಅದೇ ಪುಸ್ತಕದಲ್ಲಿ ಬರೆದವನೂ ಅವನೇ. ಹೀಗೆ, ನೆರವು ಬೇಕಾದ ಮಗುವನ್ನು ಹುಡುಕಲು ಮಾಡಿದ ಸಾಧನ ನೆರವಿಗೆ ಅರ್ಹವಲ್ಲದ ಜನಾಂಗವನ್ನು ಹುಡುಕುವ ಸಾಧನವಾಯಿತು.

ಇಲ್ಲಿ ‘ಜನಾಂಗ’ವೆಂಬ ಮಾತಿನ ವಿಚಾರವಾಗಿಯೂ ಎರಡು ಮಾತು ಅವಶ್ಯ. ಆ ಕಾಲದ ಅಮೆರಿಕಾದಲ್ಲಿ ಮ್ಯಾಡಿಸನ್ ಗ್ರಾಂಟ್ ಎಂಬ ಸಿರಿವಂತ ವಕೀಲನ 1916ರ ಪುಸ್ತಕವೊಂದು ಬಹಳ ಹೆಸರು ಮಾಡಿತ್ತು. ಯೂರೋಪಿನ ಜನರೇ ಮೂರು ಜನಾಂಗಗಳೆಂದು ಅವನ ವಾದ: ಉತ್ತರದ ನಾರ್ಡಿಕ್, ಮಧ್ಯದ ಆಲ್ಪೈನ್, ದಕ್ಷಿಣದ ಮೆಡಿಟರೇನಿಯನ್. ಮೊದಲನೆಯದು ಆಳುವುದಕ್ಕೆ ಹುಟ್ಟಿದ್ದು, ಉಳಿದೆರಡು ಆಳಿಸಿಕೊಳ್ಳುವುದಕ್ಕೆ. ಆದರೆ ಜನಾಂಗಗಳು ಕಲ್ಲಿನಲ್ಲಿ ಕಡೆದ ವಿಗ್ರಹಗಳಲ್ಲವೆಂದು ಹೇಳಿದವರೂ ಆಗಲೇ ಇದ್ದರು. 1911ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಜನಾಂಗಗಳ ಸಮ್ಮೇಳನದಲ್ಲಿ ಮೊದಲ ಪ್ರಬಂಧ ಭಾರತೀಯರೊಬ್ಬರದು. ಅವರು ಬ್ರಜೇಂದ್ರನಾಥ ಶೀಲರು. ಮುಂದೆ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಕನ್ನಡಿಗರಿಗೆ ಆಪ್ತರಾದವರು. ಜನಾಂಗ, ಬುಡಕಟ್ಟು, ರಾಷ್ಟ್ರ ಎಂಬ ಮಾತುಗಳ ಅರ್ಥವೇನೆಂಬುದೇ ಅವರ ವಿಷಯ. ಜನಾಂಗವನ್ನು ನಿಂತ ನೀರಿನಂತಲ್ಲ, ಹರಿಯುವ ಹೊಳೆಯಂತೆ ನೋಡಬೇಕೆಂಬುದು ಅವರ ನಿಲುವಿನ ಸಾರ. ಅಲ್ಲಿಗೇ ಫ್ರಾಂಜ್ ಬೋವಾಸ್ ಎಂಬ ಮಾನವಶಾಸ್ತ್ರಜ್ಞನೂ ಪ್ರಬಂಧ ಕಳುಹಿಸಿದ್ದ. ನ್ಯೂಯಾರ್ಕಿನಲ್ಲಿ ಸುಮಾರು ಹದಿನೆಂಟು ಸಾವಿರ ವಲಸೆಗಾರರನ್ನೂ ಅವರ ಮಕ್ಕಳನ್ನೂ ಅಳೆದು, ಜನಾಂಗದ ಸ್ಥಿರ ಗುರುತೆಂದು ಎಲ್ಲರೂ ನಂಬಿದ್ದ ತಲೆಯ ಆಕಾರವೂ ಅಮೆರಿಕಾದಲ್ಲಿ ಹುಟ್ಟಿದ ಮಕ್ಕಳಲ್ಲಿ ಬದಲಾಗುತ್ತದೆಂದು ತೋರಿಸಿದವನು ಅವನು. ತಲೆಬುರುಡೆಯೇ ಬದಲಾಗುವುದಾದರೆ ಅದರೊಳಗಿನ ಕಲಿಕೆಯನ್ನು ಕೇಳಬೇಕೆ? ಆದರೆ ಆ ಕಾಲಕ್ಕೆ ಗ್ರಾಂಟನ ಪುಸ್ತಕವೇ ಹೆಚ್ಚು ರುಚಿಸಿತು.

1917ರ ಏಪ್ರಿಲಿನಲ್ಲಿ ಅಮೆರಿಕಾ ಯುದ್ಧಕ್ಕಿಳಿಯಿತು. ಹಾರ್ವರ್ಡಿನ ರಾಬರ್ಟ್ ಯರ್ಕಿಸ್ ಆಗ ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷ. ಸೈನ್ಯಕ್ಕೆ ಸೇರುವವರೆಲ್ಲರ ಬುದ್ಧಿಯನ್ನೂ ಅಳೆದುಕೊಡುವೆನೆಂದು ಅವನು ಮುಂದೆ ಬಂದ. ಗೊಡಾರ್ಡನೂ ಟರ್ಮನ್ನನೂ ಅವನೊಡನೆ ಕೂಡಿಕೊಂಡರು. ಸುಮಾರು ಹದಿನೇಳೂವರೆ ಲಕ್ಷ ಜನ ಪರೀಕ್ಷೆಗೆ ಕುಳಿತರು. ಒಂದು ವಿಷಯವನ್ನು ಕುರಿತು ಇಷ್ಟೊಂದು ಜನರ ಅಂಕಗಳು ಒಂದೆಡೆ ಸೇರಿದ್ದು ಅದಕ್ಕೆ ಮೊದಲು ಕೇಳಿದ್ದಿಲ್ಲ.

ಪರೀಕ್ಷೆಗಳು ಎರಡು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೂ ಇಂಗ್ಲಿಷ್ ಬಾರದವರಿಗೂ ‘ಬೀಟಾ’. ಹುಟ್ಟಿನಿಂದ ಬಂದ ಬುದ್ಧಿಯನ್ನೇ ಇವು ಅಳೆಯುತ್ತವೆಂದು ಯರ್ಕಿಸ್ ಸಾರಿದ. ಪ್ರಶ್ನೆಗಳು ಎಂಥವು? ‘ಕ್ರಿಸ್ಕೋ’ ಎಂಬುದು ಔಷಧವೋ, ಕ್ರಿಮಿನಾಶಕವೋ, ದಂತಮಂಜನವೋ, ಆಹಾರ ಪದಾರ್ಥವೋ? ಕ್ರಿಸ್ಟಿ ಮ್ಯಾಥ್ಯೂಸನ್ ಪ್ರಸಿದ್ಧನಾದದ್ದು ಬರಹಗಾರನಾಗಿಯೋ, ಚಿತ್ರಕಾರನಾಗಿಯೋ, ಬೇಸ್‌ಬಾಲ್ ಆಟಗಾರನಾಗಿಯೋ, ವಿದೂಷಕನಾಗಿಯೋ? ಕ್ರಿಸ್ಕೋ ಅಲ್ಲಿನ ಅಂಗಡಿಗಳಲ್ಲಿ ಮಾರುತ್ತಿದ್ದ ಒಂದು ಬಗೆಯ ಅಡಿಗೆಯ ಕೊಬ್ಬು. ಹುಟ್ಟಿನಿಂದ ಬರುವ ಬುದ್ಧಿಯಲ್ಲಿ ಅಂಗಡಿಯ ಕೊಬ್ಬಿನ ಡಬ್ಬಿಯ ಹೆಸರೂ ಸೇರಿರುವುದೆಂದು ನಂಬಲು ಎಂಥ ವಿದ್ವತ್ತು ಬೇಕಾದೀತೋ!

ಬೀಟಾ ಪರೀಕ್ಷೆ ಇದಕ್ಕಿಂತ ಕರುಣಾಜನಕವಾದುದು. ಅದರಲ್ಲಿ ಮಾತೇ ಇಲ್ಲ. ಒಬ್ಬ ಅಧಿಕಾರಿ ಹಲಗೆಯ ಮುಂದೆ ನಿಂತು ಮೂಕಾಭಿನಯದಿಂದ ಸೂಚನೆ ಕೊಡುವನು. ಕಿಕ್ಕಿರಿದ ಕೋಣೆಯ ಹಿಂದಿನ ಸಾಲಿನವರಿಗೆ ಅದು ಸರಿಯಾಗಿ ಕಾಣುವುದೂ ಇಲ್ಲ. ಅಪೂರ್ಣ ಚಿತ್ರಗಳನ್ನು ಪೂರ್ತಿ ಮಾಡುವುದು ಅದರ ಒಂದು ಭಾಗ. ಬಲೆಯಿಲ್ಲದ ಟೆನಿಸ್ ಅಂಗಣ, ಒಳತಂತಿಯಿಲ್ಲದ ವಿದ್ಯುದ್ದೀಪ, ಕಹಳೆಯಿಲ್ಲದ ಗ್ರಾಮಫೋನು, ಹೊಗೆಗೂಡಿಲ್ಲದ ಮನೆ ಇವು ಚಿತ್ರಗಳು. ಟೆನಿಸ್ ಅಂಗಣವನ್ನೇ ಕಾಣದ ರೈತನ ಮಗ ಬಲೆಯನ್ನು ಎಲ್ಲಿಂದ ತರಬೇಕು? ಸಿಸಿಲಿ ದ್ವೀಪದಿಂದ ಬಂದ ಒಬ್ಬ ಯುವಕ ಹೊಗೆಗೂಡಿನ ಜಾಗದಲ್ಲಿ ಒಂದು ಶಿಲುಬೆಯನ್ನು ಬರೆದನಂತೆ. ಅವನ ಊರಿನ ಮನೆಗಳ ಮೇಲೆ ಅಲ್ಲಿ ಇರುತ್ತಿದ್ದುದು ಶಿಲುಬೆಯೇ. ಉತ್ತರ ತಪ್ಪೆಂದು ಅಂಕ ಕೊಡಲಿಲ್ಲ. ಕಂಡದ್ದನ್ನು ಕಂಡಂತೆ ನೆನಪಿಟ್ಟು ಬರೆದವನು ದಡ್ಡನಾದ. ಇದಲ್ಲದೆ, ಆಲ್ಫಾದಲ್ಲಿ ಸೋತವರಿಗೆ ಬೀಟಾ, ಬೀಟಾದಲ್ಲಿಯೂ ಸೋತವರಿಗೆ ಒಬ್ಬೊಬ್ಬರನ್ನಾಗಿ ಕರೆದು ಪರೀಕ್ಷೆ ಎಂಬ ನಿಯಮವಿದ್ದರೂ, ಜನ ಹೆಚ್ಚಾಗಿ ಕೋಣೆ ಸಾಲದೆ ಬಹುಮಂದಿಯ ಪಾಲಿಗೆ ಆ ನಿಯಮ ಕಾಗದದ ಮೇಲೆಯೇ ಉಳಿಯಿತು. ಅವರ ಸೊನ್ನೆಗಳು ಮಾತ್ರ ಲೆಕ್ಕಕ್ಕೆ ಸೇರಿದವು.

ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು, ಕಚೇರಿಯಲ್ಲಿ ಮತ್ತೊಂದು ಮಾತು ಇರುವ ಸೀಮೆಯಲ್ಲಿ ಪಾಠ ಹೇಳುವ ನಮ್ಮ ಉಪಾಧ್ಯಾಯ ಬಂಧುಗಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಶ್ನೆಯೇ ತಿಳಿಯದೆ ಮೌನವಾಗಿ ಕುಳಿತ ಮಗುವನ್ನೂ, ಉತ್ತರ ತಿಳಿಯದೆ ಮೌನವಾಗಿ ಕುಳಿತ ಮಗುವನ್ನೂ ಅಂಕಪಟ್ಟಿ ಬೇರ್ಪಡಿಸುವುದಿಲ್ಲ.

1921ರಲ್ಲಿ ಯರ್ಕಿಸನ ಬೃಹತ್ ವರದಿ ಹೊರಬಂತು. ಬಿಳಿಯ ಅಮೆರಿಕನ್ ಸೈನಿಕನ ಸರಾಸರಿ ಮಾನಸಿಕ ವಯಸ್ಸು 13.08 ಎಂದಿತು ಅದು. ವಯಸ್ಕನಿಗೆ ಟರ್ಮನ್ ಗೊತ್ತುಮಾಡಿದ ಮಟ್ಟ 16. ರಷ್ಯದಿಂದ ಬಂದವರಿಗೆ 11.34, ಇಟಲಿಯವರಿಗೆ 11.01, ಪೋಲೆಂಡಿನವರಿಗೆ 10.74, ಕರಿಯರಿಗೆ 10.41. ಇಡೀ ದೇಶದ ವಯಸ್ಕರ ಬುದ್ಧಿ ವಯಸ್ಕರ ಬುದ್ಧಿಗಿಂತ ಕಡಿಮೆಯೆಂದು ಹೇಳುವ ಅಳತೆಗೋಲಿನಲ್ಲಿಯೇ ದೋಷವಿರಬೇಕಲ್ಲವೆ ಎಂದು ವಾಲ್ಟರ್ ಲಿಪ್‌ಮನ್ ಎಂಬ ಪತ್ರಕರ್ತ 1922ರಲ್ಲಿ ಸರಣಿ ಲೇಖನಗಳನ್ನು ಬರೆದ. ಆದರೆ ‘ಎತ್ತು ಈಯಿತು’ ಎಂದರೆ ‘ಕೊಟ್ಟಿಗೆಯಲ್ಲಿ ಕಟ್ಟು’ ಎನ್ನುವವರೇ ಹೆಚ್ಚು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಕಾರ್ಲ್ ಬ್ರಿಗಮ್ ಎಂಬ ತರುಣ ಪ್ರಾಧ್ಯಾಪಕ ಈ ಅಂಕಿಗಳನ್ನು ಗ್ರಾಂಟನ ಮೂರು ಜನಾಂಗಗಳ ಅಚ್ಚಿಗೆ ಹೊಯ್ದು, 1923ರಲ್ಲಿ ಅಮೆರಿಕನ್ನರ ಬುದ್ಧಿಶಕ್ತಿಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದ. ನಾರ್ಡಿಕ್ ರಕ್ತ ಕಡಿಮೆಯಾಗಿ ಕೀಳು ರಕ್ತ ಬೆರೆಯುತ್ತಿದೆ, ಆದ್ದರಿಂದ ದೇಶದ ಬುದ್ಧಿ ಇಳಿಯುತ್ತಿದೆ ಎಂಬುದು ಅದರ ತೀರ್ಮಾನ.

ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕಾದ ಒಂದು ಕೋಷ್ಟಕವಿದೆ. ಅದು ಬ್ರಿಗಮ್ಮನ ಪುಸ್ತಕದಲ್ಲಿಯೇ ಇತ್ತು. ಪರದೇಶದಲ್ಲಿ ಹುಟ್ಟಿದ ಸೈನಿಕರನ್ನು, ಅವರು ಅಮೆರಿಕಾಕ್ಕೆ ಬಂದು ಎಷ್ಟು ವರ್ಷವಾಯಿತೆಂಬುದರ ಮೇಲೆ, ಐದು ಗುಂಪುಗಳಾಗಿ ಮಾಡಿತ್ತು. ಬಂದು ಐದು ವರ್ಷ ತುಂಬದವರ ಮಾನಸಿಕ ವಯಸ್ಸು ಹನ್ನೊಂದೂ ಹನ್ನೆರಡೂ ಇವುಗಳ ನಡುವೆ. ಅಲ್ಲಿಂದ ಗುಂಪಿನಿಂದ ಗುಂಪಿಗೆ ತಪ್ಪದೆ ಏರುತ್ತ, ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದವರಲ್ಲಿ ಹದಿನಾಲ್ಕರ ಹತ್ತಿರ ಬಂದು, ಅಮೆರಿಕಾದಲ್ಲಿಯೇ ಹುಟ್ಟಿದವರ ಸಮಕ್ಕೆ ನಿಂತಿತ್ತು. ಸಾಮಾನ್ಯ ತಿಳಿವಳಿಕೆಯ ಯಾರಿಗಾದರೂ ಇದರಿಂದ ಏನು ಹೊಳೆಯಬೇಕು? ದೇಶದ ಭಾಷೆ, ಪದ್ಧತಿ, ಶಾಲೆಗಳ ಪರಿಚಯ ಬೆಳೆದಂತೆಲ್ಲ ಅಂಕವೂ ಬೆಳೆಯುತ್ತದೆ ಎಂದಲ್ಲವೆ? ಬ್ರಿಗಮ್ಮನಿಗೆ ಹೊಳೆದದ್ದು ಬೇರೆ. ಇಪ್ಪತ್ತು ವರ್ಷದ ಹಿಂದೆ ಬಂದವರು ಒಳ್ಳೆಯ ರಕ್ತದವರು. ಈಚೆಗೆ ಬಂದವರು ಕೀಳು ರಕ್ತದವರು. ಪರೀಕ್ಷೆಯಲ್ಲಿ ದೋಷವಿರಲು ಸಾಧ್ಯವೇ ಇಲ್ಲವೆಂದು ಮೊದಲೇ ನಿರ್ಧರಿಸಿಕೊಂಡವನಿಗೆ ಬೇರೆ ದಾರಿಯೂ ಇರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅದೇ ಅಂಕಿಗಳನ್ನು ಬೇರೆ ಕಣ್ಣಿನಿಂದ ಓದಿದವರಲ್ಲಿ ನನಗೆ ವಿಶೇಷವಾಗಿ ಮೆಚ್ಚಿಗೆಯಾಗುವವನು ಹೊರೇಸ್ ಮಾನ್ ಬಾಂಡ್. ಆಫ್ರಿಕಾ ಮೂಲದವನು, 1904ರಲ್ಲಿ ಹುಟ್ಟಿದವನು. ಆದ್ದರಿಂದ 1924ರಲ್ಲಿ ಈ ಪರೀಕ್ಷೆಗಳನ್ನು ಕುರಿತು ಬರೆದಾಗ ಅವನಿಗೆ ಇನ್ನೂ ಇಪ್ಪತ್ತರ ಆಸುಪಾಸು. ಪ್ರಾಂತಗಳ ಸೈನಿಕರ ಅಂಕಗಳನ್ನು ಆ ಪ್ರಾಂತಗಳ ಶಾಲೆಗಳ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಿದ. ಶಾಲೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿ ಅಂಕವೂ ಚೆನ್ನಾಗಿತ್ತು. ಬಿಳಿಯರಲ್ಲಿಯೂ ಹಾಗೆಯೇ, ಕರಿಯರಲ್ಲಿಯೂ ಹಾಗೆಯೇ. ಆಲ್ಫಾ ಪರೀಕ್ಷೆಯಲ್ಲಿ ದಕ್ಷಿಣದ ಬಿಳಿಯರ ನಡುಮಟ್ಟದ ಅಂಕ ಮಿಸಿಸಿಪ್ಪಿಯಲ್ಲಿ 41.25, ಕೆಂಟಕಿಯಲ್ಲಿ 41.50, ಆರ್ಕನ್‌ಸಾದಲ್ಲಿ 41.55. ಉತ್ತರದ ಕರಿಯರದು ನ್ಯೂಯಾರ್ಕಿನಲ್ಲಿ 45.02, ಇಲಿನಾಯ್‌ನಲ್ಲಿ 47.35, ಒಹಾಯೋದಲ್ಲಿ 49.50. ಬುದ್ಧಿ ಬಣ್ಣದಲ್ಲಿರುವುದಾದರೆ ಈ ಲೆಕ್ಕ ತಲೆಕೆಳಗಾದುದು ಹೇಗೆ? ಯರ್ಕಿಸನ ವರದಿಯಲ್ಲಿಯೇ ಅಂಕಕ್ಕೂ ಓದಿದ ವರ್ಷಗಳಿಗೂ ಇರುವ ಸಂಬಂಧ ಬಹಳ ಗಾಢವಾಗಿದೆಯೆಂದು ಹೇಳಿತ್ತು. ಜಾಣರಾದ್ದರಿಂದ ಹೆಚ್ಚು ವರ್ಷ ಓದಿದರೆಂದು ಅವನು ಅದನ್ನು ಅರ್ಥಮಾಡಿದ್ದ. ದಕ್ಷಿಣದ ಕರಿಯ ಹುಡುಗನಿಗೆ ಹೆಚ್ಚು ವರ್ಷ ಓದುವ ಶಾಲೆಯೇ ಇರಲಿಲ್ಲವೆಂಬುದು ಆ ಅರ್ಥಕ್ಕೆ ಅಡ್ಡಬರಲಿಲ್ಲ.

ಆ ಶಾಲೆಗಳು ಏಕೆ ಇರಲಿಲ್ಲ? ದಕ್ಷಿಣ ಕ್ಯಾರೊಲಿನದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರೆಯಲು ಕಲಿಸುವುದು ಅಪರಾಧವೆಂದು ಕಾಯಿದೆಯಾಗಿತ್ತು. 1831ರ ಗುಲಾಮರ ದಂಗೆಯ ತರುವಾಯ ಇಂಥ ಕಾಯಿದೆಗಳು ಇನ್ನೂ ಬಿಗಿಯಾದವು. 1865ರಲ್ಲಿ ಗುಲಾಮಗಿರಿ ಮುಗಿದರೂ, 1896ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ‘ಬೇರೆ ಬೇರೆ, ಆದರೆ ಸಮಾನ’ ಎಂಬ ತತ್ತ್ವಕ್ಕೆ ಮುದ್ರೆಯೊತ್ತಿತು. ‘ಬೇರೆ’ ಎಂಬುದನ್ನು ಎಲ್ಲರೂ ಪಾಲಿಸಿದರು. ‘ಸಮಾನ’ ಎಂಬುದನ್ನು ಯಾರೂ ಪಾಲಿಸಲಿಲ್ಲ. ಕೆಲವು ತಲೆಮಾರುಗಳ ಕಾಲ ಅಕ್ಷರ ಕಲಿತರೆ ಶಿಕ್ಷೆ; ಆಮೇಲೆ ಹತ್ತಿಯ ಬೆಳೆ ಮುಗಿದ ಮೇಲೆ ನಾಲ್ಕಾರು ತಿಂಗಳು ನಡೆಯುವ ಹರಕು ಶಾಲೆ; ಕೊನೆಗೆ, ಅಕ್ಷರ ಬಾರದೆ ಇರುವುದೇ ಜನಾಂಗದ ಲಕ್ಷಣವೆಂಬ ಶಾಸ್ತ್ರ. ಕೈಕಾಲು ಕಟ್ಟಿ ನೀರಿಗೆ ನೂಕಿ, ಈ ವಂಶದವರಿಗೆ ಈಜು ಹುಟ್ಟಿನಿಂದಲೇ ಬರುವುದಿಲ್ಲವೆಂದು ದಡದಲ್ಲಿ ನಿಂತು ಬರೆದುಕೊಂಡಂತಾಯಿತು. ನಮ್ಮ ದೇಶದಲ್ಲಿ ಅಕ್ಷರದಿಂದ ದೂರವಿಟ್ಟವರನ್ನು ಕುರಿತು ನಾವೇ ಆಡಿದ ಮಾತುಗಳೂ ಈ ಸಂದರ್ಭದಲ್ಲಿ ನೆನಪಾಗದಿರವು.

ಇರಲಿ. ಕಾಗದದ ಮೇಲಿನ ವಾದ ಕಾಗದದ ಮೇಲೆಯೇ ಉಳಿದಿದ್ದರೆ ಅದನ್ನು ಇಂದು ನೆನೆಯುವ ಅಗತ್ಯವಿರಲಿಲ್ಲ. 1924ರ ಮೇ ತಿಂಗಳಲ್ಲಿ ಅಮೆರಿಕಾ ಹೊಸ ವಲಸೆ ಕಾಯಿದೆಯನ್ನು ಅಂಗೀಕರಿಸಿತು. ಪ್ರತಿ ದೇಶದಿಂದ ಬರತಕ್ಕವರ ಸಂಖ್ಯೆಯನ್ನು, 1890ರಲ್ಲಿ ಅಮೆರಿಕಾದಲ್ಲಿದ್ದ ಆ ದೇಶದವರ ನೂರಕ್ಕೆ ಎರಡರಂತೆ ನಿಗದಿ ಮಾಡಿತು. ಹೊಸ ಜನಗಣತಿಗಳಿರುವಾಗ ಮೂವತ್ತನಾಲ್ಕು ವರ್ಷದ ಹಳೆಯ ಗಣತಿಯೇಕೆಂದರೆ, ಆಗ ದಕ್ಷಿಣ ಮತ್ತು ಪೂರ್ವ ಯೂರೋಪಿನವರು ಅಲ್ಲಿ ಬಹಳ ಕಡಿಮೆ ಇದ್ದರು. ಮೊದಲಿನ 1921ರ ಕಾಯಿದೆಯಂತೆ ವರ್ಷಕ್ಕೆ ಸುಮಾರು 42,000 ಇದ್ದ ಇಟಲಿಯ ಪಾಲು 3,845ಕ್ಕೆ ಇಳಿಯಿತು. ಏಷ್ಯದವರಿಗಂತೂ ಬಾಗಿಲೇ ಮುಚ್ಚಿತು. ನಮ್ಮ ಭಾರತೀಯರಿಗೆ 1917ರಲ್ಲಿಯೇ ಮುಚ್ಚಿತ್ತು. ಸೈನ್ಯದ ಪರೀಕ್ಷೆಗಳಿಂದಲೇ ಈ ಕಾಯಿದೆ ಹುಟ್ಟಿತೆಂದು ಹೇಳುವುದು ಅತಿಯಾದೀತು. ಪರಕೀಯರ ಮೇಲಿನ ದ್ವೇಷ, ಕೂಲಿಯ ಪೈಪೋಟಿ, ಯುದ್ಧಾನಂತರದ ಭೀತಿ ಇವೇ ಅದಕ್ಕೆ ಸಾಕಾಗಿದ್ದವು. ಆದರೆ ದ್ವೇಷಕ್ಕೆ ಶಾಸ್ತ್ರದ ಶಾಲು ಹೊದಿಸಿದ ಕೀರ್ತಿ ಈ ಪಂಡಿತರಿಗೆ ಸಲ್ಲಬೇಕು. ದೇಶವಾರು ಪಾಲಿನ ಪದ್ಧತಿ 1965ರವರೆಗೆ ನಡೆಯಿತು. ನಡುವೆ ಹಿಟ್ಲರನ ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಓಡಿಬಂದವರೂ ಇದೇ ಲೆಕ್ಕದ ಬಾಗಿಲಿನ ಮುಂದೆ ಕಾಯಬೇಕಾಯಿತು.

1930ರಲ್ಲಿ ಒಂದು ಅಪರೂಪದ ಸಂಗತಿ ನಡೆಯಿತು. ಬ್ರಿಗಮ್ ತನ್ನ ಪುಸ್ತಕವನ್ನು ತಾನೇ ಅಲ್ಲಗಳೆದ. ಬೇರೆ ಬೇರೆ ಗುಣಗಳನ್ನು ಅಳೆಯುವ ತುಂಡು ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ಒಂದೇ ‘ಬುದ್ಧಿ’ಯೆಂದು ಕರೆಯುವುದು ಸಲ್ಲದು, ಬೇರೆ ಮನೆಮಾತಿನವರನ್ನು ಇಂಗ್ಲಿಷಿನ ಪರೀಕ್ಷೆಯಿಂದ ಅಳೆದು ಜನಾಂಗಗಳನ್ನು ಹೋಲಿಸುವುದು ಸಲ್ಲದು, ಇಂಥ ಹೋಲಿಕೆಗಳಲ್ಲಿ ಅತ್ಯಂತ ಆಡಂಬರದವುಗಳಲ್ಲೊಂದಾದ ತನ್ನ ಗ್ರಂಥಕ್ಕೆ ಆಧಾರವೇ ಇಲ್ಲ ಎಂದು ವಿದ್ವತ್ಪತ್ರಿಕೆಯಲ್ಲಿ ಬರೆದ. ಇದು ಧೈರ್ಯದ ಮಾತು. ಅಂಥ ಧೈರ್ಯ ಎಲ್ಲ ವಿದ್ವಾಂಸರಲ್ಲಿಯೂ ಕಾಣುವುದಿಲ್ಲ. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಕಾಯಿದೆ ಹುಟ್ಟಿ ಆರು ವರ್ಷವಾಗಿತ್ತು; ವಿದ್ವತ್ಪತ್ರಿಕೆಯ ಪುಟಗಳನ್ನು ಬಂದರಿನ ಅಧಿಕಾರಿಗಳು ಓದುವುದಿಲ್ಲ.

ಆ ದಶಕದಲ್ಲಿ ಬೇರೆಯವರೂ ಇದೇ ದಾರಿಯನ್ನು ತುಳಿದರು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳ ನಡುವೆ ಬೆಳೆದು, ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಸ್ಯಾಂಚೆಜ್ ಎಂಬವನು, ಅಂಥ ಮಕ್ಕಳನ್ನು ಮೇಲಿಂದ ಮೇಲೆ ಪರೀಕ್ಷಿಸಿ, ಶಾಲೆಯಲ್ಲಿ ಇಂಗ್ಲಿಷ್ ಬಲಿತಂತೆಲ್ಲ ಅಂಕಗಳು ಏರುವುದನ್ನು ತೋರಿಸಿದ. ಮಗುವಿಗೆ ಕಲಿಸದ ಪದಗಳಿಂದ ಮಗುವಿನ ಬುದ್ಧಿಯನ್ನು ಅಳೆಯುವ ನ್ಯಾಯವೇನೆಂದು 1934ರ ಲೇಖನದಲ್ಲಿ ಕೇಳಿದ. ಆಟೋ ಕ್ಲೈನ್‌ಬರ್ಗ್ ಎಂಬ ಪ್ರಾಧ್ಯಾಪಕ ದಕ್ಷಿಣದಿಂದ ನ್ಯೂಯಾರ್ಕಿಗೆ ಬಂದ ಕರಿಯ ಮಕ್ಕಳನ್ನು ಪರೀಕ್ಷಿಸಿದ. ಅಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಅಂಕಗಳೂ ಹೆಚ್ಚಿದವು. ಜಾಣ ಮಕ್ಕಳೇ ಊರು ಬಿಟ್ಟು ಬಂದಿರಬಹುದಲ್ಲವೆ ಎಂಬ ಆಕ್ಷೇಪಣೆ ಬರುತ್ತದೆಂದು ಬಲ್ಲ ಅವನು, ದಕ್ಷಿಣದ ಊರುಗಳಿಗೇ ಹೋಗಿ ಆ ಮಕ್ಕಳ ಹಳೆಯ ಶಾಲಾ ದಾಖಲೆಗಳನ್ನು ತೆಗೆಸಿ ನೋಡಿದ. ಬಂದವರು ಉಳಿದವರಿಗಿಂತ ಜಾಣರೇನೂ ಆಗಿರಲಿಲ್ಲ. 1935ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದ.

ಇಷ್ಟಾದರೂ ಸತ್ಯಕ್ಕೆ ಹಾದಿ ಸುಗಮವಾಗಿರಲಿಲ್ಲ. ರೂತ್ ಬೆನೆಡಿಕ್ಟ್ ಮತ್ತು ಜೀನ್ ವೆಲ್ಟ್‌ಫಿಶ್ ಎಂಬ ಇಬ್ಬರು ಮಹಿಳೆಯರು 1943ರಲ್ಲಿ ಸಾಮಾನ್ಯ ಜನರಿಗೂ ಸೈನಿಕರಿಗೂ ಅರ್ಥವಾಗುವಂತೆ ಒಂದು ಕಿರುಹೊತ್ತಗೆ ಬರೆದರು. ಮೇಲೆ ಹೇಳಿದ 41.50 ಮತ್ತು 49.50ರ ಲೆಕ್ಕವೂ ಅದರಲ್ಲಿತ್ತು. ಕೆಂಟಕಿಯಿಂದ ಆರಿಸಿ ಬಂದ, ಸೈನ್ಯದ ವ್ಯವಹಾರಗಳ ಸಮಿತಿಗೆ ಅಧ್ಯಕ್ಷನಾಗಿದ್ದ ಸಂಸದನೊಬ್ಬನಿಗೆ ತನ್ನ ಪ್ರಾಂತದ ಹೆಸರು ಆ ಸಾಲಿನಲ್ಲಿರುವುದು ಸಹಿಸದಾಯಿತು. 1944ರಲ್ಲಿ ಸೈನ್ಯ ಆ ಹೊತ್ತಗೆಯ ಹಂಚಿಕೆಯನ್ನು ನಿಲ್ಲಿಸಿತು. ಆ ಅಂಕಿಗಳು ಸೈನ್ಯದ ಸ್ವಂತ ಅಂಕಿಗಳೇ ಎಂಬುದು ಇಲ್ಲಿನ ವಿನೋದ.

ಎರಡನೆಯ ಮಹಾಯುದ್ಧವಾದ ಮೇಲೆ ಈ ವಾದ ಸತ್ತಿತೆಂದು ಹಲವರು ತಿಳಿದಿದ್ದರು. 1969ರಲ್ಲಿ ಆರ್ಥರ್ ಜೆನ್ಸೆನ್ ಎಂಬ ಪ್ರಾಧ್ಯಾಪಕ, ಬಡ ಮಕ್ಕಳಿಗಾಗಿ ನಡೆಸುವ ವಿಶೇಷ ಶಿಕ್ಷಣ ವಿಫಲವಾಯಿತೆಂದು ಹೇಳಿ, ಅದನ್ನು ಮತ್ತೆ ಎಬ್ಬಿಸಿದ. 1994ರಲ್ಲಿ ಮತ್ತೊಂದು ದಪ್ಪ ಪುಸ್ತಕದ ರೂಪದಲ್ಲಿ ಅದು ತಲೆಯೆತ್ತಿತು. ಬುದ್ಧಿಯ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾತ್ರ ಹಿರಿದು, ಆದ್ದರಿಂದ ಜನಾಂಗಗಳ ನಡುವಿನ ಅಂತರವೂ ಅನುವಂಶೀಯ ಎಂಬುದು ಇಂಥವರ ಯುಕ್ತಿ. ಈ ‘ಆದ್ದರಿಂದ’ ಎಂಬಲ್ಲಿಯೇ ಮೋಸವಿದೆ. ರಿಚರ್ಡ್ ಲೆವೊಂಟಿನ್ ಎಂಬ ಜೀವಶಾಸ್ತ್ರಜ್ಞ 1970ರಲ್ಲಿ ಬಿತ್ತನೆಯ ಬೀಜದ ಉಪಮೆಯಿಂದ ಇದನ್ನು ಬಯಲು ಮಾಡಿದ. ನಮ್ಮ ಹೊಲಕ್ಕೆ ಅನ್ವಯಿಸಿ ಹೇಳುವುದಾದರೆ: ಒಂದೇ ಚೀಲದ ರಾಗಿಯಿಂದ ಎರಡು ಹಿಡಿ ತೆಗೆದು, ಒಂದನ್ನು ಗೊಬ್ಬರ ಹಾಕಿ ನೀರು ಕಟ್ಟಿದ ಮಡಿಯಲ್ಲಿಯೂ ಇನ್ನೊಂದನ್ನು ಗರಸು ನೆಲದಲ್ಲಿಯೂ ಬಿತ್ತಿರಿ. ಮಡಿಯೊಳಗೆ ಪೈರುಗಳ ಎತ್ತರದಲ್ಲಿ ಕಾಣುವ ವ್ಯತ್ಯಾಸ ಪೂರ್ತಿ ಬೀಜದ್ದು, ಏಕೆಂದರೆ ಅಲ್ಲಿ ಎಲ್ಲಕ್ಕೂ ಒಂದೇ ನೀರು, ಒಂದೇ ಗೊಬ್ಬರ. ಗರಸಿನಲ್ಲಿಯೂ ಹಾಗೆಯೇ. ಆದರೆ ಮಡಿಗೂ ಗರಸಿಗೂ ನಡುವೆ ಕಾಣುವ ಅಂತರ ಪೂರ್ತಿ ಮಣ್ಣಿನದು. ಮುಂದೆ 1972ರಲ್ಲಿ ಇದೇ ಲೆವೊಂಟಿನ್, ಮನುಷ್ಯರಲ್ಲಿರುವ ಅನುವಂಶೀಯ ವೈವಿಧ್ಯದಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಪಾಲು ಯಾವುದೇ ಒಂದು ಜನಸಮುದಾಯದ ಒಳಗೇ ಇದೆಯೆಂದು ಲೆಕ್ಕ ಹಾಕಿದ. 1980ರ ದಶಕದಲ್ಲಿ ಜೇಮ್ಸ್ ಫ್ಲಿನ್ ಹದಿನಾಲ್ಕು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬುದ್ಧಿಪರೀಕ್ಷೆಯ ಅಂಕಗಳು ಗಣನೀಯವಾಗಿ ಏರಿರುವುದನ್ನು ತೋರಿಸಿದ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಯಾವ ದೇಶದ ರಕ್ತವೂ ಬದಲಾಗುವುದಿಲ್ಲ.

ಪರೀಕ್ಷೆಯೆಂಬುದೇ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ನಮ್ಮ ಧಾರವಾಡದಲ್ಲಿಯೇ ವಿ. ವಿ. ಕಾಮತರು ಬಿನೆಯ ಸರಣಿಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, ‘ಮುಂಬಯಿ-ಕರ್ನಾಟಕ’ ಪರಿಷ್ಕರಣವೆಂದು ಸಿದ್ಧಪಡಿಸಿದರು. ಆ ಕುರಿತ ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಪರದೇಶದ ಪ್ರಶ್ನೆಗಳನ್ನು ಹಾಗೆಯೇ ಮುಂದಿಡದೆ, ಇಲ್ಲಿನ ಮಕ್ಕಳ ಮೇಲೆ, ಅವರದೇ ಭಾಷೆಯಲ್ಲಿ, ಹೊಸದಾಗಿ ಮಟ್ಟ ನೋಡಿ ನಿಲ್ಲಿಸಬೇಕಾದ ಕೆಲಸ ಅದು. ಬಿನೆ ಬದುಕಿದ್ದರೆ ಅದನ್ನು ತನ್ನ ದಾರಿಯೆಂದು ಗುರುತಿಸುತ್ತಿದ್ದನೆಂದು ತೋರುತ್ತದೆ.

ಕಡೆಯದಾಗಿ, ಅಮೆರಿಕಾದ ದಕ್ಷಿಣದ ಆ ಶಾಲೆಗಳ ಸಮಾಚಾರ. ಯರ್ಕಿಸನೂ ಬ್ರಿಗಮ್ಮನೂ ಅಂಕ ಕೂಡಿಸುತ್ತಿದ್ದ ಕಾಲದಲ್ಲಿಯೇ, ಗುಲಾಮನಾಗಿ ಹುಟ್ಟಿ ವಿದ್ಯಾಗುರುವಾದ ಬುಕರ್ ವಾಷಿಂಗ್ಟನ್ನನ ಪ್ರೇರಣೆಯಿಂದ, ಜೂಲಿಯಸ್ ರೋಜನ್‌ವಾಲ್ಡ್ ಎಂಬ ವರ್ತಕ ಹಳ್ಳಿಗಾಡಿನ ಕರಿಯ ಮಕ್ಕಳಿಗೆ ಶಾಲೆ ಕಟ್ಟಿಸಲು ಹಣ ಕೊಡತೊಡಗಿದ. ಅವನ ನಿಯಮ ಒಂದೇ: ಊರಿನವರೂ ತಮ್ಮ ಪಾಲು ಹಾಕಬೇಕು. ಕೈಯಲ್ಲಿ ಕಾಸಿಲ್ಲದವರು ಜಾಗ ಕೊಟ್ಟರು, ಮರ ಕಡಿದು ತಂದರು, ಮೈಮುರಿದು ದುಡಿದರು. 1930ರ ದಶಕದ ಮೊದಲಿನವರೆಗೆ ಹೀಗೆ ಸುಮಾರು ಐದು ಸಾವಿರ ಕಟ್ಟಡಗಳೆದ್ದವು. ಆ ಶಾಲೆಗಳಲ್ಲಿ ಓದಿದ ಹುಡುಗರು ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರುವ ವಯಸ್ಸಿಗೆ ಬಂದರು. ಸೈನ್ಯ ಅವರಿಗೂ ಪರೀಕ್ಷೆ ಕೊಟ್ಟಿತು. ಡೇನಿಯಲ್ ಆರನ್‌ಸನ್ ಮತ್ತು ಭಾಷ್ಕರ್ ಮಜುಂದಾರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ದಾಖಲೆಗಳನ್ನೂ ಜನಗಣತಿಯನ್ನೂ ಜಿಲ್ಲೆ ಜಿಲ್ಲೆಯಾಗಿ ಹೋಲಿಸಿ 2011ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಶಾಲೆ ಎದ್ದಲ್ಲಿ ಹಾಜರಿ ಹೆಚ್ಚಿತ್ತು, ಅಕ್ಷರಸ್ಥರು ಹೆಚ್ಚಿದ್ದರು, ಓದಿದ ವರ್ಷಗಳು ಹೆಚ್ಚಿದ್ದವು, ಸೈನ್ಯದ ಬುದ್ಧಿಪರೀಕ್ಷೆಯ ಅಂಕಗಳೂ ಹೆಚ್ಚಿದ್ದವು. ಈ ಏರಿಕೆ ಎಲ್ಲಕ್ಕಿಂತ ಅಧಿಕವಾಗಿ ಕಂಡುಬಂದದ್ದು, ಮೊದಲು ಎಲ್ಲಕ್ಕಿಂತ ಹಿಂದುಳಿದಿದ್ದ ಜಿಲ್ಲೆಗಳಲ್ಲಿ.